ಚೀಟಿ ಇಲ್ಲದ ಬಾಕ್ಸು

ಮಗನ ಮಣೂಕ, ಹೋದ ವರ್ಷದ ಒಣದ್ರಾಕ್ಷಿ, ಶನಿವಾರ ಲಾರಿ ಹತ್ತುತ್ತದೆ ಎಂದು ತಿಳಿದ ದಿನ ಕಸ್ತೂರೆವ್ವ ಸೊಸೆಯನ್ನು ಕೇಳಿದ್ದು ಒಂದೇ ಮಾತು.

"ಒಂದ ಬಾಕ್ಸ್ ಮನ್ಯಾಗ ಇಟ್ಕೋಳಾಕ ಬರ್ತೈತೇನ ನೋಡವಾ."

"ಲಾಟ್ ಒಡಿಯಾಕ ಬರೂದಿಲ್ರಿ ಅತ್ತಿ. ಎರಡನೂರಾ ಹನ್ನೆರಡಂತ ಮಾತಾಗೇತಿ," ಎಂದಳು ದಾನೇಶ್ವರಿ.

ಕಸ್ತೂರೆವ್ವ ಮೊರದಲ್ಲಿದ್ದ ಜೋಳವನ್ನು ಹಸನು ಮಾಡುತ್ತ ಕೂತಳು. ಆಗಲೇ ಹಸನಾಗಿದ್ದ ಜೋಳ ಅದು.

ಹೋದ ವರ್ಷ ಏಪ್ರಿಲ್‌ನಲ್ಲಿ ದ್ರಾಕ್ಷಿ ಶೆಡ್ಡಿನ ಬಲೆಗಳ ಮೇಲೆ ಒಣಗುತ್ತಿತ್ತು. ಇನ್ನು ನಾಲ್ಕು ದಿನ ಕಳೆದಿದ್ದರೆ ಮಣೂಕವಾಗಿ ಕೆಳಗಿಳಿಯುತ್ತಿತ್ತು. ಮಧ್ಯಾಹ್ನ ಮೂರಕ್ಕೆ ಅಥಣಿಯ ಕಡೆಯಿಂದ ಮೋಡ ಎದ್ದಿತು. ದಾನೇಶ್ವರಿಯ ಗಂಡ ದುಂಡೇಶ ಉಣ್ಣುವ ತಾಟು ಬಿಟ್ಟು ಎದ್ದು, ತಾಡಪತ್ರಿ ಎಳೆದು ಕಟ್ಟಲು ಶೆಡ್ಡಿನ ಮೇಲೆ ಹತ್ತಿದ. ಮೂರು ಮೂಲೆ ಕಟ್ಟಿದ್ದ. ಸಿಡಿಲು ಬಿತ್ತು. ಮಣೂಕಕ್ಕೆ ಒಂದು ಹನಿಯೂ ತಾಗಿರಲಿಲ್ಲ.

ಮಣ್ಣು ಮುಗಿದ ಮೇಲೆ ಅವನ ಗೆಳೆಯರೇ ಅದನ್ನು ಇಳಿಸಿ, ಕಡ್ಡಿ ಆರಿಸಿ, ಹದಿನೈದು ಕಿಲೋದ ಬಾಕ್ಸುಗಳಿಗೆ ತುಂಬಿ, ಕಾಗವಾಡ ರಸ್ತೆಯ ಕೋಲ್ಡ್ ಸ್ಟೋರೇಜಿಗೆ ಹಾಕಿ ಬಂದರು. ದಾನೇಶ್ವರಿ ಅತ್ತಿರಲಿಲ್ಲ. ಆಗಲೂ ಇಲ್ಲ, ಆಮೇಲೂ ಇಲ್ಲ. ಮಾತಾಡಿಸಲು ಬಂದ ಹೆಂಗಸರು ಹೋಗುವಾಗ ಓಣಿಯಲ್ಲಿ ನಿಂತು, "ಸಾಲಿ ಭಾಳ ಕಲಿತರ ಹಿಂಗ ಆಕ್ಕಾರ ನೋಡ," ಅಂದದ್ದು ಅವಳಿಗೆ ಕೇಳಿಸಿತ್ತು. ಬೆಳಗಾವಿಯಲ್ಲಿ ಎಂಸಿಎ ಓದಿದವಳು. ತವರು ಅಲಖನೂರದಿಂದ ಅಣ್ಣ ಎರಡು ಸಲ ಕರೆಯಲು ಬಂದ. ಅವಳು ಹೋಗಲಿಲ್ಲ. ಕಸ್ತೂರೆವ್ವನ ಗಂಡನೂ ಇಲ್ಲದ ಮನೆ ಅದು. ನಾಲ್ಕು ತಿಂಗಳ ಮೇಲೆ ಅದೇ ಕೋಲ್ಡ್ ಸ್ಟೋರೇಜಿನ ಆಫೀಸಿನಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸೇರಿದಳು.

ಈ ಬೇಸಿಗೆಯ ಹೊಸ ಮಾಲು ಬರುವ ಮೊದಲು ಹಳೆಯದೆಲ್ಲ ಖಾಲಿಯಾಗಬೇಕಿತ್ತು. ಬಾಕ್ಸುಗಳ ಮೇಲೆ ಪೆನ್ನಿನಲ್ಲಿ ಬರೆದದ್ದು ಥಂಡಿಗೆ ಅಳಿಸಿಹೋಗಿತ್ತು. ಪ್ರತಿ ಬಾಕ್ಸಿಗೂ ರೈತನ ಹೆಸರು, ಲಾಟ್, ಎಷ್ಟನೆಯ ಬಾಕ್ಸು ಎಂಬ ಚೀಟಿ ಇಲ್ಲದಿದ್ದರೆ ಮಾಲು ಎತ್ತುವುದಿಲ್ಲ ಎಂದು ತಾಸಗಾಂವದ ವ್ಯಾಪಾರಿ ಹೇಳಿ ಹೋಗಿದ್ದ. ಆ ಕೆಲಸ ದಾನೇಶ್ವರಿಯ ಪಾಲಿಗೆ ಬಂತು.

ಕಂಪ್ಯೂಟರಿನ ಪಟ್ಟಿಯಲ್ಲಿ ಒಬ್ಬ ರೈತನಿಗೆ ಇದ್ದದ್ದು ಒಂದೇ ಸಾಲು. ಅವನ ಹೆಸರು, ಅವನ ಬಾಕ್ಸುಗಳ ಸಂಖ್ಯೆ. ಬೇಕಾದದ್ದು ಬಾಕ್ಸಿಗೊಂದು ಸಾಲು. ಸಾಂಗಲಿಯ ಯಾರೋ ಬರೆದುಕೊಟ್ಟಿದ್ದ ಹಳೆಯ ಪ್ರೋಗ್ರಾಮು ಒಂದಾದ ಮೇಲೆ ಇನ್ನೊಂದು ಎಂದು ಲೂಪಿನಲ್ಲಿ ಸುತ್ತುತ್ತ, ಗಾಣದ ಎತ್ತು ದಣಿದಂತೆ ನಡುವೆಯೇ ನಿಂತುಬಿಡುತ್ತಿತ್ತು. ದಾನೇಶ್ವರಿ ಸುತ್ತುವ ಗೋಜಿಗೇ ಹೋಗಲಿಲ್ಲ. ಬರೀ ಅಂಕಿಗಳ ಇನ್ನೊಂದು ಟೇಬಲ್ ಮಾಡಿದಳು. ಸೊನ್ನೆ, ಒಂದು, ಎರಡು, ಹೀಗೆ ಸಾವಿರದವರೆಗೆ. ರೈತರ ಪಟ್ಟಿಯನ್ನು ಅದಕ್ಕೆ ಜೋಡಿಸಿದಳು. ಷರತ್ತು ಒಂದೇ: ಅಂಕಿ ಬಾಕ್ಸುಗಳ ಸಂಖ್ಯೆಗಿಂತ ಕಡಿಮೆ ಇರಬೇಕು. ಮೂರು ಬಾಕ್ಸಿನವನಿಗೆ ಸೊನ್ನೆ, ಒಂದು, ಎರಡು ಮಾತ್ರ ಜೋಡಿಯಾಗುತ್ತವೆ, ಅವನ ಒಂದು ಸಾಲು ಮೂರು ಸಾಲಾಗುತ್ತದೆ. ಮೂವತ್ತೆಂಟು ರೈತರ ಸಾಲುಗಳು ಕಣ್ಣು ಮಿಟುಕಿಸುವುದರಲ್ಲಿ ಒಂಬತ್ತು ಸಾವಿರವಾದವು.

ಅದರ ನಡುವೆ ದುಂಡೇಶನ ಹೆಸರು ಬಂತು. ಒಂದರ ಕೆಳಗೊಂದು, ಒಂದರ ಕೆಳಗೊಂದು, ಸ್ಕ್ರೀನ್ ಪೂರ್ತಿ. ಸರಿಸಿದರೆ ಮತ್ತೆ ಅದೇ ಹೆಸರು. ಅವಳು ಕೊನೆಯವರೆಗೆ ಸರಿಸಿ, ಎರಡುನೂರಾ ಹನ್ನೆರಡು ಸಾಲು ಇವೆಯೆಂದು ಖಾತ್ರಿ ಮಾಡಿಕೊಂಡು, ಒಂದು ಹಾಳೆ ಪ್ರಿಂಟ್ ತೆಗೆದು ಮಾಲಕ ಸಿದರಾಯನ ಮುಂದೆ ಇಟ್ಟಳು.

ಸಿದರಾಯ ಕನ್ನಡಕ ಏರಿಸಿ ನೋಡಿದ. "ಇದೇನ ತಂಗಿ, ಮೊದಲನೇ ಬಾಕ್ಸಿಗೇ ಸೊನ್ನೆ?"

"ಕಂಪ್ಯೂಟರಿನ್ಯಾಗ ಸೊನ್ನೆಯಿಂದನ ಎಣಸ್ತಾರ್ರಿ. ಲೆಕ್ಕ ಬರೋಬ್ಬರಿ ಐತ್ರಿ."

"ನಮ್ಮ ಹಮಾಲ್ರು ಒಂದು ಅನ್ನಾಕೂ ಅಂಜಿ ಲಾಭ ಅಂತಾರ. ಲಾಭ, ಎರಡು, ಮೂರು. ನೀ ನೋಡಿದ್ರ ಸೊನ್ನಿ ಹಚ್ಚಿ ಕಳಸ್ತೀ. ರೈತಾ ನೋಡಿದ್ರ ನನ್ನ ಅಂಗಿ ಹಿಡಿತಾನ. ತಗಿ ಅದನ್ನ."

ಅವಳು ಅಂಕಿಗಳ ಟೇಬಲ್ಲಿನಿಂದ ಸೊನ್ನೆಯ ಸಾಲನ್ನು ಅಳಿಸಿದಳು. ಎಲ್ಲ ಚೀಟಿಗಳೂ ಒಂದರಿಂದ ಶುರುವಾದವು. ಶುಕ್ರವಾರ ಸಂಜೆಯವರೆಗೆ ಪ್ರಿಂಟರು ನಡೆಯಿತು.

ಶನಿವಾರ ಬೆಳಿಗ್ಗೆ ಹಮಾಲರು ಚೇಂಬರಿನ ದಪ್ಪ ಬಾಗಿಲು ತೆರೆದು ಬಾಕ್ಸುಗಳನ್ನು ಲಾಟಿನಂತೆ ಹೊರಗೆ ತಂದು ಒಟ್ಟಿ, ಚೀಟಿ ಅಂಟಿಸತೊಡಗಿದರು. ಲಾಭ, ಎರಡು, ಮೂರು ಎಂಬ ಎಣಿಕೆ ಆಫೀಸಿನವರೆಗೆ ಕೇಳುತ್ತಿತ್ತು. ಹನ್ನೆರಡರ ಹೊತ್ತಿಗೆ ಭೀಮಸಿ ಬಂದು ಬಾಗಿಲಲ್ಲಿ ನಿಂತ. ಹಮಾಲರಲ್ಲಿ ಅವನೇ ಹಿರಿಯ, ಅವಳ ಗಂಡನ ಊರಿನವನೇ.

"ಮೇಡಮ್ಮಾರ, ನಿಮ್ಮ ಕಂಪ್ಯೂಟರಿಗೆ ಹಸಿವಾಗೇತೇನ್ರಿ? ಎಲ್ಲಾರ ಲಾಟಿನ್ಯಾಗೂ ಒಂದೊಂದ ಚೀಟಿ ನುಂಗೇತಿ."

ಅವಳಿಗೆ ಕೂಡಲೇ ತಿಳಿಯಿತು. ಸೊನ್ನೆ ತೆಗೆದಿದ್ದಳು, ಷರತ್ತು ಬದಲಿಸಿರಲಿಲ್ಲ. ಮೂರಕ್ಕಿಂತ ಕಡಿಮೆ ಎಂದರೆ ಈಗ ಒಂದು ಮತ್ತು ಎರಡು ಮಾತ್ರ. ಮೂವತ್ತೆಂಟು ರೈತರಿಗೂ ಕೊನೆಯ ಬಾಕ್ಸಿನ ಚೀಟಿ ಹುಟ್ಟಿರಲಿಲ್ಲ.

"ತಪ್ಪ ನಂದ ಐತಿ. ಈಗ ತಗದ ಕೊಡ್ತೀನಿ," ಎಂದಳು.

ಭೀಮಸಿ ಹೋಗಲಿಲ್ಲ. ಹಿಂದೆ ತಿರುಗಿ ನೋಡಿ, ಧ್ವನಿ ಇಳಿಸಿದ.

"ತಂಗಿ, ದುಂಡೇಶನ ಬಾಕ್ಸೂ ಒಂದ ಉಳದೈತಿ. ಬಾಜೂಕ ಇಟ್ಟೀನಿ. ನಿಮ್ಮತ್ತಿ ನನ್ನ ಮುಂದ ಅಂದಿದ್ಳು, ಒಂದರ ಇರಬೇಕಿತ್ತ ಅಂತ. ಸಾವಕಾರ ಊಟಕ್ಕ ಹೋಗ್ಯಾರ. ಪಟ್ಟಿಯೊಳಗ ಹನ್ನೆರಡ ಇದ್ದದ್ದ ಹನ್ನೊಂದ ಮಾಡು. ಹ್ವಾದ ವರ್ಷ ನಾನ ತಪ್ಪ ಎಣಿಸಿದ್ನಿ ಅಂತ ಹೇಳ್ತೀನಿ. ನನಗ ಯಾರ ಏನ ಅಂತಾರ, ಸಾಲಿ ಕಲೀದಾವ, ಅಂಗೂಟಾ ಒತ್ತಾವ."

ಅವನು ಹೇಳಿದ್ದು ನಿಜ. ಒಂದು ಅಂಕಿ. ಅದನ್ನು ಬದಲಿಸಿದರೆ ಸಾಲುಗಳು ಎರಡುನೂರಾ ಹನ್ನೊಂದೇ ಹುಟ್ಟುತ್ತವೆ, ಚೀಟಿಗಳೂ ಅಷ್ಟೇ, ಲಾರಿಯಲ್ಲಿನ ಬಾಕ್ಸುಗಳೂ ಅಷ್ಟೇ. ಒಂದು ಬಾಕ್ಸಿನ ದುಡ್ಡನ್ನು ವ್ಯಾಪಾರಿ ಕಡಿಮೆ ಕೊಡುತ್ತಾನೆ. ಯಾರಿಗೂ ಮೋಸವಿಲ್ಲ.

ಬಾಕ್ಸು ಮನೆಗೆ ಹೋಗುವುದನ್ನು ಅವಳು ಕಂಡಳು. ಕಸ್ತೂರೆವ್ವ ಅದನ್ನು ದೇವರ ಮಾಡದ ಕೆಳಗೆ ಇಡುತ್ತಾಳೆ. ಬಂದವರಿಗೆ ನಾಲ್ಕು ಕಾಳು ಕೊಡುತ್ತಾಳೆ, ಸೋಮವಾರ ನಾಲ್ಕು ಎಡೆಗೆ ಇಡುತ್ತಾಳೆ, ಸೊಸೆಯ ಅಂಗೈಯಲ್ಲಿ ನಾಲ್ಕು ಹಾಕುತ್ತಾಳೆ. ದಿನಾ ಇಷ್ಟಿಷ್ಟು ಕೆಳಗಿಳಿಯುತ್ತದೆ. ಒಂದು ದಿನ ತಳದ ರಟ್ಟು ಕಾಣುತ್ತದೆ. ಅವತ್ತು ಅವನು ಮತ್ತೊಮ್ಮೆ ಮುಗಿಯುತ್ತಾನೆ, ಈ ಸಲ ಕಣ್ಣೆದುರಿಗೆ, ಇಬ್ಬರೂ ನೋಡುತ್ತಿರುವಾಗ. ಒಮ್ಮೆ ಮುಗಿದದ್ದೇ ಇನ್ನೂ ಅವಳೊಳಗೆ ಇಳಿದಿರಲಿಲ್ಲ.

"ಬ್ಯಾಡ ಕಾಕಾ," ಎಂದಳು.

ಭೀಮಸಿ ಅವಳನ್ನೇ ನೋಡಿದ. "ಏನ ಎದಿ ಬೇ ನಿಂದು," ಎಂದು ಹೊರಗೆ ಹೋದ.

'ಕಡಿಮೆ' ಎಂದಿದ್ದಲ್ಲಿ 'ಕಡಿಮೆ ಅಥವಾ ಸಮ' ಎಂದು ಮಾಡಿದಳು. ಉಳಿದಿದ್ದ ಮೂವತ್ತೆಂಟು ಚೀಟಿ ಮಾತ್ರ ಪ್ರಿಂಟ್ ತೆಗೆದಳು. ಹಮಾಲರಿಗೆ ಕೊಡದೆ ತಾನೇ ಒಯ್ದು ಒಂದೊಂದಾಗಿ ಅಂಟಿಸಿದಳು. ದುಂಡೇಶನ ಬಾಕ್ಸು ಗೋಡೆಯ ಹತ್ತಿರ ಒಂಟಿಯಾಗಿತ್ತು, ರಟ್ಟಿನ ಮೇಲೆ ಥಂಡಿಯ ಬೆವರು. ಸೆರಗಿನಿಂದ ಒರೆಸಿ ಚೀಟಿ ಹಚ್ಚಿ, ನಾಲ್ಕೂ ಮೂಲೆ ಒತ್ತಿ ಎದ್ದಳು. ಮೂರಕ್ಕೆ ಅವನ ಲಾಟಿನ ಲಾರಿ ಹೋಯಿತು.

ಸಂಜೆ ಬಸ್ಸಿಳಿದು ತೋಟದ ಮನೆಗೆ ಬಂದಾಗ ಕಸ್ತೂರೆವ್ವ ರೊಟ್ಟಿ ಬಡಿಯುತ್ತಿದ್ದಳು.

"ಹೋತೇನ?"

"ಹೋತ್ರಿ."

"ಎಲ್ಲಾ?"

ಹೌದು ಎಂದುಬಿಟ್ಟಿದ್ದರೆ ಮಾತು ಅಲ್ಲಿಗೆ ನಿಲ್ಲುತ್ತಿತ್ತು. ದಾನೇಶ್ವರಿ ಕಾಲು ತೊಳೆಯದೆ ಹೊಸ್ತಿಲ ಬಳಿಯೇ ಕೂತಳು.

"ಒಂದ ಕೈಯಾಗ ಬಂದಿತ್ರಿ ಅತ್ತಿ. ನನ್ನ ತಪ್ಪಿನಿಂದ ಅದಕ್ಕ ಚೀಟಿ ಬಂದಿರಲಿಲ್ಲ. ಭೀಮಸಿ ಕಾಕಾ ಒಯ್ಯಿ ಅಂದ. ನಾನ ಚೀಟಿ ಹಚ್ಚಿ ಕಳಿಸಿದ್ನಿ."

ರೊಟ್ಟಿ ಬಡಿಯುವ ಸದ್ದು ನಿಂತಿತು. ಅತ್ತೆ ಬೈಯಬಹುದು ಎಂದುಕೊಂಡಳು ದಾನೇಶ್ವರಿ. ಬೈದರೆ ಒಳ್ಳೆಯದಿತ್ತು. ಕಸ್ತೂರೆವ್ವ ಹಿಟ್ಟಿನ ಕೈಯನ್ನು ಹಿಟ್ಟು ನಾದುವ ಕೊಣಮಿಗೆಯ ಅಂಚಿಗೆ ಒರೆಸಿಕೊಂಡಳು. ಆಮೇಲೆ ಕೇಳಿದಳು.

"ಹಸರ ಉಳದಿತ್ತೇನವಾ ಬಣ್ಣ? ಒಂದ ಹನಿ ಬಿದ್ರ ಕೆಂಪ ಆಕ್ಕೈತಿ ಅಂತಿದ್ದ. ಆ ವರ್ಷ ಪೂರಾ ಹಸರ ತಗೀಬೇಕಂತ ಭಾಳ ಧ್ಯಾಸ ಇತ್ತ ಅವಂಗ."

ದಾನೇಶ್ವರಿ ಎಂಟು ತಿಂಗಳು ಚೇಂಬರಿನಿಂದ ಮೂವತ್ತು ಹೆಜ್ಜೆ ದೂರದಲ್ಲಿ ಕೂತಿದ್ದಳು. ವ್ಯಾಪಾರಿ ಸ್ಯಾಂಪಲ್ಲನ್ನು ತಾಟಿಗೆ ಸುರಿದು ನೋಡುವಾಗ ಸ್ಕ್ರೀನಿನಿಂದ ಕಣ್ಣು ಎತ್ತಿರಲಿಲ್ಲ. ಇವತ್ತು ಮಧ್ಯಾಹ್ನ ಬಾಕ್ಸು ಅವಳ ಎರಡು ಕೈಗಳ ನಡುವೆ ಇತ್ತು. ಮೇಲಿನ ಪಟ್ಟಿ ಬಿಚ್ಚಲು ಅರೆಗಳಿಗೆ ಸಾಕಾಗಿತ್ತು.

"ನಾ ನೋಡ್ಲಿಲ್ರಿ ಅತ್ತಿ," ಎಂದಳು. "ಒಂದನ್ನೂ ತಗದ ನೋಡ್ಲಿಲ್ರಿ."

ಆ ಮಾತಿನ ಕೊನೆಗೆ ಅವಳು ಅಳತೊಡಗಿದಳು. ಕಸ್ತೂರೆವ್ವ ಎದ್ದು ಬಂದು ಪಕ್ಕದಲ್ಲಿ ಕೂತಳು, ಹಿಟ್ಟಿನ ಕೈಯಲ್ಲೇ ಅವಳ ತಲೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಲಾರಿ ಆಗಲೇ ಮಿರಜ ದಾಟಿರಬೇಕು.