ಬ್ಯಾರೆ ಇಟ್ಟ ಮೀನು

ಬೆಳಿಗ್ಗೆ ಏಳು ಗಂಟೆಗೆ ಕೆಂಪು ಮೀನು ಪಟ್ಟೆ ಮೀನಿನ ಬಾಲವನ್ನು ಕಚ್ಚಿ ಹರಿಯಿತು.

ಹರಿದ ಚೂರು ಸ್ವಲ್ಪ ಹೊತ್ತು ನೀರಿನಲ್ಲಿ ತೇಲಿತು. ಆಮೇಲೆ ಕೆಂಪು ಮೀನೇ ಅದನ್ನೂ ತಿಂದಿತು. ಹಲ್ಲುಜ್ಜುತ್ತಿದ್ದ ಮಹಾಲಿಂಗ ಬೆರಳನ್ನು ಬಾಯಲ್ಲೇ ಇಟ್ಟುಕೊಂಡು ನೋಡುತ್ತ ನಿಂತ. ಪಟ್ಟೆ ಮೀನಿನ ಮೇಲೆ ಅವನಿಗೆ ಕನಿಕರ ಬರಲಿಲ್ಲ. ಇದನ್ನು ತಾನು ನೋಡಬಾರದಿತ್ತು ಎಂದಷ್ಟೇ ಅನ್ನಿಸಿತು. ನೋಡದಿದ್ದರೆ ಗೊತ್ತಿಲ್ಲವೆನ್ನಬಹುದಿತ್ತು.

ಮೀನು ಅವನದಲ್ಲ. ಗಾಜಿನ ತೊಟ್ಟಿಯೂ ಅವನದಲ್ಲ. ಎರಡೂ ಪ್ರೊಫೆಸರ್ ದಾಬಕೆಯವರವು. ಮಹಾಲಿಂಗ ಪುಣೆಯ ಕಾಲೇಜೊಂದರಲ್ಲಿ ನೀತಿಶಾಸ್ತ್ರ ಕಲಿಸುವ ಹಂಗಾಮಿ ಅಧ್ಯಾಪಕ. ದಾಬಕೆ ಆ ವಿಭಾಗದ ಮುಖ್ಯಸ್ಥರು. ಕಣ್ಣಿನ ಆಪರೇಶನ್ನಿಗೆ ಮುಂಬಯಿಗೆ ಹೋಗುವಾಗ ಅವರು ತೊಟ್ಟಿಯನ್ನು ಕೈಗಾಡಿಯಲ್ಲಿ ಶುಕ್ರವಾರ ಪೇಠೆಯ ಅವನ ಮನೆಗೆ ಕಳಿಸಿದ್ದರು. ಇವತ್ತು ಸಂಜೆ ಮರಳುತ್ತಾರೆ. ನಾಳೆ ಅವರ ಸಾರ್ವಜನಿಕ ಉಪನ್ಯಾಸ. ವಿಷಯ, ಪ್ರಾಣಿಗಳಲ್ಲಿ ಸಹಬಾಳ್ವೆ. ಹೊಟ್ಟೆ ತುಂಬಿದ ಪ್ರಾಣಿ ಜಗಳವಾಡುವುದಿಲ್ಲ ಎಂಬುದು ಅವರ ವಾದ. ಪುರಾವೆಯೆಂದು ತೊಟ್ಟಿಯನ್ನು, ಅದರ ನಾಲ್ಕು ಮೀನುಗಳ ಸಮೇತ, ವೇದಿಕೆಯ ಮೇಲೆ ಇಡುವುದಿತ್ತು.

"ಮೀನು ಜಗಳವಾಡಿದರೆ ತಪ್ಪು ಮೀನಿನದಲ್ಲ, ಸಾಕುವವನದು," ಎಂದು ಹೋಗುವಾಗ ಮರಾಠಿಯಲ್ಲಿ ಹೇಳಿದ್ದರು. ಮಹಾಲಿಂಗ ಒಪ್ಪಿದ್ದ. ದಾಬಕೆ ಹೇಳಿದ್ದನ್ನೆಲ್ಲ ಅವನು ಒಪ್ಪುತ್ತಿದ್ದ. ಜೂನಿನಲ್ಲಿ ಅವನನ್ನು ಕಾಯಂ ಮಾಡಬೇಕೋ ಬೇಡವೋ ಎಂದು ಹೇಳುವವರು ಅವರೇ. ಬೇಡವೆಂದರೆ ಭವಾನಿ ಪೇಠೆಯಲ್ಲಿ ಅಣ್ಣ ಕಾಡಪ್ಪನ ಬೆಲ್ಲದ ಅಂಗಡಿ ಇತ್ತು. ಅಂಗಡಿಯಲ್ಲಿ ತಕ್ಕಡಿ ಇತ್ತು. ತಕ್ಕಡಿಯ ಹಿಂದೆ, ಗೋಣಿಚೀಲದ ಮೇಲೆ, ಮಹಾಲಿಂಗ ಕೂಡುವಷ್ಟು ಜಾಗ ಇನ್ನೂ ಖಾಲಿ ಇತ್ತು.

"ಇಲ್ಲೆ ಬಾ," ಎಂದು ಹೆಂಡತಿಯನ್ನು ಕರೆದ. "ಕೆಂಪಂದು ಕಚ್ಚಲಿಕ್ಕೆ ಹತ್ತೇದ."

ಶಿವಗಂಗವ್ವ ಹಿಟ್ಟು ಮೆತ್ತಿದ ಕೈಯಲ್ಲೇ ಬಂದಳು. ಮೀನುಗಳನ್ನು ನೋಡಲಿಲ್ಲ, ಗಂಡನನ್ನು ನೋಡಿದಳು.

"ನೀವು ಅವಕ್ಕ ಎಲ್ಲಿಂದ ಹಾಕ್ತೀರಿ?"

"ಏನು?"

"ಊಟಾರಿ."

"ಈ ಮೂಲಿಯಿಂದ."

"ಹಂಗಾರ ಈ ಮೂಲ್ಯಾಗ ಇದ್ದದ್ದರದ ಹೊಟ್ಟಿ ತುಂಬ್ತದ. ನೀವ ಪಂಕ್ತಿಭೇದ ಮಾಡಿ ಅವಕ್ಕ ಜಗಳಾಡಬ್ಯಾಡ್ರಿ ಅಂದ್ರ ಹೆಂಗ?"

ಮಹಾಲಿಂಗ ಬಾಯಿ ಮುಕ್ಕಳಿಸಿ ಬಂದ. ದಾಬಕೆ ಕೊಟ್ಟಿದ್ದ ಮೀನಿನ ಆಹಾರದ ಡಬ್ಬಿಯಲ್ಲಿ ಒಣಗಿದ ಹುಳುಗಳಿದ್ದವೆಂಬುದು, ಆ ಡಬ್ಬಿಯನ್ನು ಶಿವಗಂಗವ್ವ ತೊಟ್ಟಿ ಬಂದ ದಿನವೇ ಚಿಮಟಿಗೆಯಿಂದ ಹಿಡಿದು ಬೀದಿಯ ಕಸಕ್ಕೆ ಎಸೆದಿದ್ದಳೆಂಬುದು, ಅಂದಿನಿಂದ ಮೀನುಗಳು ಜೋಳದ ರೊಟ್ಟಿಯ ಮೇಲೆ ಬದುಕಿದ್ದವೆಂಬುದು ಅವನಿಗೆ ಗೊತ್ತಿತ್ತು. ಆದರೆ ಪಂಕ್ತಿಭೇದದ ವಾದಕ್ಕೆ ಒಂದು ಘನತೆ ಇತ್ತು. ಅದರಲ್ಲಿ ಹುಳುಗಳು ಬರುತ್ತಿರಲಿಲ್ಲ.

ಗಂಡ ಹೆಂಡತಿ ತೊಟ್ಟಿಯ ಎರಡು ತುದಿಗೆ ನಿಂತರು. ಇಬ್ಬರ ಕೈಯಲ್ಲೂ ರೊಟ್ಟಿಯ ಪುಡಿ.

"ನಾ ಹೂಂ ಅಂದಾಗ," ಎಂದ ಮಹಾಲಿಂಗ.

"ಅನ್ರಿ ಮತ್ತ."

"ಹೂಂ."

ಕೂಡಿಯೇ ಹಾಕಿದರು. ನೀರಿನ ಆಚೆ ಹೆಂಡತಿಯ ಮುಖ ಅಗಲವಾಗಿ, ಒಂದು ಕಣ್ಣು ದೊಡ್ಡದಾಗಿ ಕಂಡಿತು. ಮದುವೆಯಾದಾಗಿನಿಂದ ಇಬ್ಬರೂ ಒಂದೇ ಗಳಿಗೆಗೆ ಮಾಡಿದ ಮೊದಲ ಕೆಲಸ ಇದಿರಬೇಕು ಎಂದು ಅವನಿಗೆ ಹೊಳೆಯಿತು. ಹೇಳಬೇಕೆನ್ನಿಸಿತು. ಅಷ್ಟರಲ್ಲಿ ಕೆಂಪು ಮೀನು ಈ ತುದಿಯದನ್ನು ತಿಂದು, ಆ ತುದಿಗೆ ಹೋಗಿ ಅದನ್ನೂ ತಿಂದು, ಬರುವ ದಾರಿಯಲ್ಲಿ ಪಟ್ಟೆ ಮೀನನ್ನು ಇನ್ನೊಮ್ಮೆ ಕಚ್ಚಿತು.

"ಬ್ಯಾರೆ ಇಡ್ರಿ ಅದನ್ನ," ಎಂದಳು ಶಿವಗಂಗವ್ವ.

ಮಹಾಲಿಂಗನ ಕೈ ನಿಂತಿತು. ಎರಡು ವರ್ಷದ ಹಿಂದೆ ಅಣ್ಣನ ಮನೆಯ ಅಡಿಗೆಮನೆಯಿಂದ ಇದೇ ಮಾತು, ಅತ್ತಿಗೆಯ ದನಿಯಲ್ಲಿ ಬಂದಿತ್ತು. ಅದೇ ವಾರ ಪಾತ್ರೆ ಪಾಲಾಗಿ, ಅವನು ಹೆಂಡತಿಯೊಂದಿಗೆ ಈ ವಾಡೆಯ ಮಾಳಿಗೆಗೆ ಬಂದಿದ್ದ. ಆ ಮನೆಯಲ್ಲಿ ಕಚ್ಚಿದವನು ತಾನೋ ಕಚ್ಚಿಸಿಕೊಂಡವನೋ ಎಂಬುದು ಅವನಿಗೆ ಇನ್ನೂ ಖಚಿತವಾಗಿರಲಿಲ್ಲ. ಕಾಡಪ್ಪನನ್ನು ಕೇಳಬಹುದಿತ್ತು. ಕಾಡಪ್ಪನಿಗೆ ಖಚಿತವಿದೆ ಎಂಬ ಭಯದಿಂದ ಕೇಳಿರಲಿಲ್ಲ.

"ಯಾವುದರಾಗ ಇಡೂದು?"

ಅವಳು ಯೋಚಿಸಿದಳು. ಮೀನು ಒಮ್ಮೆ ಈಜಿದ ಪಾತ್ರೆಯಲ್ಲಿ ಮೀನು ತಿನ್ನದ ಈ ಮನೆಯಲ್ಲಿ ಮತ್ತೆ ಅಡಿಗೆಯಾಗುವಂತಿರಲಿಲ್ಲ. ಕೊನೆಗೆ ಬಾಯಿ ಒಡೆದ ಮಣ್ಣಿನ ಗಡಿಗೆಯನ್ನು ತಂದಿಟ್ಟಳು. ಹಿಡಿಯಲು ಏನೂ ಸಿಗದೆ ಮಹಾಲಿಂಗ ಗೂಟದಲ್ಲಿದ್ದ ತನ್ನ ಕರಿ ಟೊಪ್ಪಿಗೆಯನ್ನು ತೆಗೆದು ನೀರಿಗೆ ಅದ್ದಿದ. ಕಾಲೇಜಿಗೆ ಹಾಕಿಕೊಂಡು ಹೋಗುವ ಟೊಪ್ಪಿಗೆ. ಮೂರನೆಯ ಸಲಕ್ಕೆ ಕೆಂಪು ಮೀನು ಅದರೊಳಗೆ ಬಂತು, ಗಡಿಗೆಗೆ ಇಳಿಯಿತು.

ತೊಟ್ಟಿ ಶಾಂತವಾಯಿತು. ಮಹಾಲಿಂಗ ಚಹಾ ಕುಡಿದ. ಸಮಸ್ಯೆ ಒಂದು ಪ್ರಾಣಿಯ ಸ್ವಭಾವದ್ದೇ ಹೊರತು ತನ್ನದಲ್ಲ ಎಂದು ಸಮಾಧಾನಪಟ್ಟ. ಬಟ್ಟಲು ಕೆಳಗಿಟ್ಟು ನೋಡಿದರೆ, ಅರ್ಧ ಬಾಲದ ಪಟ್ಟೆ ಮೀನು ಬಿಳಿ ಮೀನನ್ನು ಮೂಲೆಗೆ ಅಟ್ಟಿ ಕಚ್ಚುತ್ತಿತ್ತು.

"ಅಯ್ಯ! ಪಾಪದ್ದು ಅಂತ ತಿಳಕೊಂಡಿದ್ದೆನಲ್ಲ ಇದಕ್ಕ!" ಎಂದಳು ಶಿವಗಂಗವ್ವ. ತನಗೆ ಮೋಸವಾದಂತೆ ಅವಳ ಮುಖ ಕೆಂಪಾಯಿತು. ಒಳಗೆ ಹೋಗಿ ಬೋಗುಣಿ ತಂದು ನೆಲಕ್ಕೆ ಕುಕ್ಕಿದಳು. "ಹಾಕ್ರಿ ಇದರಾಗ. ಇವತ್ತ ಸಾರಿಲ್ಲ."

ಮಹಾಲಿಂಗ ಬರಿತಲೆಯಲ್ಲಿ ಬೀದಿಗಿಳಿದ. ಮೂಲೆಯಲ್ಲಿ ಉಡುಪಿಯ ಸುಬ್ಬಯ್ಯನ ಹೋಟೆಲು. ಮನೆಯವರನ್ನು ಬಿಟ್ಟರೆ ಪುಣೆಯಲ್ಲಿ ಅವನು ಕನ್ನಡದಲ್ಲಿ ಮಾತಾಡುವ ಒಬ್ಬನೇ ಮನುಷ್ಯನೆಂದರೆ ಸುಬ್ಬಯ್ಯ. ಇಬ್ಬರಿಗೂ ಮತ್ತೊಬ್ಬರ ಕನ್ನಡ ಅರ್ಧದಷ್ಟೇ ತಿಳಿಯುತ್ತಿತ್ತು. ಅದರಿಂದಲೇ ಸ್ನೇಹ ಉಳಿದಿತ್ತು.

"ಸುಬ್ಬಯ್ಯನವರ, ಮೀನಿನ ಬಗ್ಗೆ ಒಂದು ಕೇಳಬೇಕಾಗಿತ್ತು."

ಸುಬ್ಬಯ್ಯ ಗಲ್ಲಾದಿಂದ ಎದ್ದೇ ನಿಂತ. "ನೀವೂ ಬಂದ್ರಾ? ಎಂತದು ಮಾರಾಯ್ರೆ ಇದು! ಈ ಪುಣೆಯಲ್ಲಿ ಯಾರಿಗೆ ಮೀನಿನ ಸಂಶಯ ಬಂದ್ರೂ ನನ್ನ ಹತ್ರ ಬರ್ತಾರೆ. ಉಡುಪಿಯವ ಅಂದ್ರೆ ಸಮುದ್ರದಲ್ಲೇ ಹುಟ್ಟಿದ್ದಾ ನಾನು? ಬ್ರಾಹ್ಮಣ ನಾನು. ಮೀನು ತಿನ್ನುವವ ಅಲ್ಲ, ಮುಟ್ಟುವವ ಅಲ್ಲ."

"ತಿನ್ನೂದಲ್ರಿ. ಅವು ಜಗಳಾಡ್ತಾವ."

"ಜಗಳವಾ?" ಸುಬ್ಬಯ್ಯ ಕೂತ. ಜಗಳದ ವಿಷಯ ಅವನಿಗೆ ಗೊತ್ತಿತ್ತು. "ನಮ್ಮಲ್ಲಿ ದೋಸೆಯವನಿಗೂ ಸಾಂಬಾರಿನವನಿಗೂ ಕತ್ತಿ ಹಿಡಿಯುವಷ್ಟು ಜಗಳ ಇತ್ತು. ಎಂತ ಮಾಡಿದೆ ಗೊತ್ತುಂಟಾ? ಒಬ್ಬನಿಗೆ ಬೆಳಗಿನ ಪಾಳಿ, ಒಬ್ಬನಿಗೆ ಸಂಜೆಯದ್ದು. ಈಗ ಜಗಳ ಇಲ್ಲ. ಒಬ್ಬ ಸತ್ರೂ ಇನ್ನೊಬ್ಬನಿಗೆ ಗೊತ್ತಾಗ್ಲಿಕ್ಕಿಲ್ಲ."

"ಆದರ ಮೀನಿಗೆ ಪಾಳಿ..."

"ಹಾಗಾದ್ರೆ ಒಂದೊಂದಕ್ಕೆ ಒಂದೊಂದು ಪಾತ್ರೆ ತಗೊಳ್ಳಿ. ಅದಿರ್ಲಿ, ಟೊಪ್ಪಿ ಎಲ್ಲಿ? ಯಾರಾದ್ರೂ ತೀರಿಹೋದ್ರಾ?"

"ಮೀನಿಗೆ ಬೇಕಾಗಿತ್ತು," ಎಂದ ಮಹಾಲಿಂಗ.

ಸುಬ್ಬಯ್ಯ ಮುಂದೆ ಕೇಳಲಿಲ್ಲ. ಕಲಿತವರ ಜೊತೆ ಅವನು ಹೆಚ್ಚು ವಾದಿಸುತ್ತಿರಲಿಲ್ಲ.

ಮನೆಗೆ ಬಂದಾಗ ತೊಟ್ಟಿಯಲ್ಲಿ ಬಿಳಿ ಮೀನೂ ಸಣ್ಣ ಕರಿ ಮೀನೂ ಮೂತಿಗೆ ಮೂತಿ ಹಚ್ಚಿ ನಿಂತಿದ್ದವು. ಎರಡರ ರೆಕ್ಕೆಯೂ ಹರಿದಿತ್ತು.

"ಯಾವುದು ಮೊದಲ ಕಚ್ಚಿತು?"

"ನಾ ಏನ್ ಕಾವಲಾ ಕೂತಿದ್ದೆನೇನ್ರಿ?"

ಮಹಾಲಿಂಗ ಸ್ಟೂಲು ಎಳೆದುಕೊಂಡು ಕೂತ. ಮೊದಲು ಕಚ್ಚಿದ್ದು ಯಾವುದೆಂದು ತಿಳಿದರೆ ಹೊಣೆ ಯಾರದೆಂದು ಹೇಳಬಹುದು. ಇದನ್ನು ಅವನು ತರಗತಿಯಲ್ಲಿ ಇಂಗ್ಲಿಷಿನಲ್ಲಿ, ಬೋರ್ಡಿನ ಮೇಲೆ ಗೆರೆ ಎಳೆದು ಕಲಿಸುತ್ತಿದ್ದ. ಮೀನುಗಳು ಅಲ್ಲಾಡಲಿಲ್ಲ. ಅವನು ಕೂತೇ ಇದ್ದ. ಕಣ್ಣು ತೂಕಡಿಸಿತು. ನೀರು ಫಳಕ್ಕೆಂದಿತು. ಕಣ್ಣು ತೆರೆದಾಗ ಎರಡೂ ಮೊದಲಿನಂತೆಯೇ ನಿಂತಿದ್ದವು, ಬಿಳಿ ಮೀನಿಗೆ ಒಂದು ರೆಕ್ಕೆ ಇರಲಿಲ್ಲ.

ಅವನು ಬಿಳಿ ಮೀನನ್ನೇ ತೆಗೆದ. ಯಾಕೆಂದು ಕೇಳಿದ್ದರೆ, ಅದು ಟೊಪ್ಪಿಗೆಗೆ ಹತ್ತಿರವಿತ್ತು ಎನ್ನಬೇಕಾಗುತ್ತಿತ್ತು. ಹೆಂಡತಿ ಅನ್ನದ ತಪ್ಪೇಲಿಯನ್ನು ಮುಂದಿಟ್ಟಳು.

ಈಗ ತೊಟ್ಟಿಯಲ್ಲಿ ಕರಿ ಮೀನು ಒಂದೇ. ನಾಲ್ಕರಲ್ಲಿ ಸಣ್ಣದು, ಬಡಪಾಯಿ. ಒಂದಾದರೂ ಉಳಿಯಿತು, ಒಂದನ್ನು ತೋರಿಸಿ ಸಹಬಾಳ್ವೆಯ ಬಗ್ಗೆ ಏನಾದರೂ ಹೇಳಲು ಸಾಧ್ಯವೇ ಎಂದು ಅವನು ಯೋಚಿಸಿದ. ಸಾಧ್ಯ ಎನ್ನಿಸುತ್ತಿರುವಾಗಲೇ, ಟಕ್.

ಕರಿ ಮೀನು ಗಾಜಿಗೆ ಹೊಡೆದುಕೊಂಡಿತ್ತು. ಹಿಂದೆ ಸರಿದು, ರೆಕ್ಕೆ ಬಿಚ್ಚಿ, ಮತ್ತೆ ನುಗ್ಗಿತು. ಟಕ್. ಗಾಜಿನಲ್ಲಿ ಇನ್ನೊಂದು ಕರಿ ಮೀನು ಅಷ್ಟೇ ಸಿಟ್ಟಿನಿಂದ ಎದುರು ಬರುತ್ತಿತ್ತು.

"ತನ್ನ ನೆಳ್ಳಿನ ಜೋಡೀನೂ ಜಗಳೇನ್ರಿ ಇದು?"

"ಹಿಂಗ ಬಿಟ್ರ ಸಾಯ್ತದ."

ಮನೆಯಲ್ಲಿ ಉಳಿದಿದ್ದು ಕುಡಿಯುವ ನೀರಿನ ಹಿತ್ತಾಳೆ ಕೊಡ. ಕಾಡಪ್ಪನ ಮನೆಯಿಂದ ಪಾಲಿಗೆ ಬಂದಿದ್ದು. ಅದೊಂದಕ್ಕಾಗಿ ಶಿವಗಂಗವ್ವ ಅತ್ತಿಗೆಯ ಜೊತೆ ಒಂದು ಇಡೀ ಮಧ್ಯಾಹ್ನ ಬಡಿದಾಡಿದ್ದಳು. ಅವಳು ಕೊಡವನ್ನು ತಂದಳು, ಸೆರಗಿನಿಂದ ಒರೆಸಿದಳು, ಇಟ್ಟಳು.

"ಇದಕ್ಕೇನು ಗೆದ್ದು ತಂದೆವ್ರಿ ಇದನ್ನ?" ಎಂದು ಕೇಳಿದಳು.

ಮಹಾಲಿಂಗ ಟೊಪ್ಪಿಗೆಯನ್ನು ನೀರಿಗಿಳಿಸಿದ. ಕರಿ ಮೀನು ಕೊಡಕ್ಕೆ ಬಿತ್ತು.

ಸಂಜೆ ಆರಕ್ಕೆ ಕೆಳಗೆ ಟಾಂಗಾ ನಿಂತಿತು. ಮಹಾಲಿಂಗ ಗೌರವಕ್ಕೆಂದು ಒದ್ದೆ ಟೊಪ್ಪಿಗೆಯನ್ನು ತಲೆಗೇರಿಸಿಕೊಂಡ. ದಾಬಕೆ ಮೆಟ್ಟಿಲು ಹತ್ತಿ ಬಂದರು. ಎಡಗಣ್ಣಿನ ಮೇಲೆ ಹಸಿರು ಪಟ್ಟಿ. ನೇರವಾಗಿ ತೊಟ್ಟಿಯ ಮುಂದೆ ಕೂತು, ಬಲಗಣ್ಣನ್ನು ಗಾಜಿಗೆ ಹಚ್ಚಿದರು. ಮಹಾಲಿಂಗನ ಹಣೆಯ ಮೇಲಿಂದ ನೀರು ಇಳಿದು ಮೂಗಿನ ತುದಿಯಲ್ಲಿ ನಿಂತಿತು.

"ಕೆಂಪಗಿನದು?" ಎಂದರು ಮರಾಠಿಯಲ್ಲಿ.

"ಬೇರೆ ಇಟ್ಟಿದ್ದೇನೆ, ಸರ್."

"ಪಟ್ಟೆಯದು?"

"ಅದೂ ಬೇರೆ. ಎಲ್ಲವೂ ಬೇರೆ ಬೇರೆ."

"ಜಗಳ?"

"ಇಲ್ಲ, ಸರ್. ಈಗ ಇಲ್ಲವೇ ಇಲ್ಲ."

ದಾಬಕೆ ಬಹಳ ಹೊತ್ತು ನೀರನ್ನೇ ನೋಡಿದರು. ಗಾಜನ್ನು ಉಗುರಿನಿಂದ ತಟ್ಟಿದರು. ಏನೂ ಬರಲಿಲ್ಲ.

"ಛಾನ್," ಎಂದು ಮೆಚ್ಚಿ ತಲೆದೂಗಿದರು. "ಅಗದೀ ಶಾಂತ." ಆಮೇಲೆ ಎದ್ದು, "ಉಪನ್ಯಾಸದಲ್ಲಿ ಒಂದೇ ಶಬ್ದ ಬದಲಿಸಿದರೆ ಸಾಕು," ಎಂದರು. ಸಹಬಾಳ್ವೆಯ ಜಾಗದಲ್ಲಿ ಶಾಂತಿ ಎಂದು ಹಾಕುವುದಿತ್ತು. "ನಾಳೆ ಮಧ್ಯಾಹ್ನ ತೊಟ್ಟಿಗೆ ಕೈಗಾಡಿ ಕಳಿಸುತ್ತೇನೆ."

"ಮೀನುಗಳು, ಸರ್?"

"ನಿಮ್ಮಲ್ಲೇ ಇರಲಿ. ಚೆನ್ನಾಗಿ ನೋಡಿಕೊಂಡಿದ್ದೀರಿ."

ಜೂನಿನ ಮಾತನ್ನು ಅವರು ಎತ್ತಲಿಲ್ಲ. ಟಾಂಗಾ ಹೋಯಿತು.

ಶಿವಗಂಗವ್ವ ಒಳಗೆ ಕಂದೀಲು ಹಚ್ಚಿದಳು. ಗಡಿಗೆ, ಬೋಗುಣಿ, ತಪ್ಪೇಲಿ, ಕೊಡ ಒಂದೊಂದು ಮೂಲೆಯಲ್ಲಿದ್ದವು. ಒಂದರಿಂದಲೂ ಸದ್ದಿಲ್ಲ. ಅವಳು ಬೆಳಗಿನ ರೊಟ್ಟಿಗೆ ಖಾರದಪುಡಿ ಹಚ್ಚಿ ಗಂಡನ ಪಾಲನ್ನು ಹೊಸ್ತಿಲ ಈಚೆಗೆ ಇಟ್ಟಳು, ತನ್ನದನ್ನು ತೆಗೆದುಕೊಂಡು ಒಲೆಯ ಮುಂದೆ ಕೂತಳು.

ಮಹಾಲಿಂಗ ತೊಟ್ಟಿಯ ಮುಂದೆ ನಿಂತೇ ಇದ್ದ. ಕಂದೀಲಿನ ಬೆಳಕಿಗೆ ಗಾಜಿನಲ್ಲಿ ಒಂದು ಮುಖ ಮೂಡಿತ್ತು. ಒದ್ದೆ ಟೊಪ್ಪಿಗೆ, ಜೋತ ತುಟಿ. ಅದು ಅವನನ್ನೇ ದುರುಗುಟ್ಟಿ ನೋಡುತ್ತಿತ್ತು. ಆ ನೋಟ ಅವನಿಗೆ ಸರಿಬರಲಿಲ್ಲ. ಮೊದಲು ಮುಂದೆ ಬಾಗಿದ್ದು ತಾನೋ ಅದೋ, ತಿಳಿಯಲಿಲ್ಲ.

ಟಕ್.

"ಇನ್ನೊಂದು ಉಳದದೇನ್ರಿ?" ಎಂದು ಒಳಗಿನಿಂದ ಶಿವಗಂಗವ್ವ ಕೇಳಿದಳು.

ಅವನು ಹಣೆ ಹಿಡಿದುಕೊಂಡ. ಅವಳು ಎದ್ದು ಪಾತ್ರೆ ಹುಡುಕಿದಳು. ಮನೆಯಲ್ಲಿ ಖಾಲಿ ಪಾತ್ರೆ ಒಂದೂ ಇರಲಿಲ್ಲ.