ಇವತ್ತೂ ರಾಕೆಟ್ ಹಾರಲಿಲ್ಲ

ಹೊಲಿಗೆಯವಳ ಗಂಡನಿಗೆ ರಾಕೆಟ್ ಕೇಂದ್ರದಲ್ಲಿ ಕೆಲಸ. ಹಾಗಂತ ಅವನೇನು ರಾಕೆಟ್ ಹಾರಿಸುವವನಲ್ಲ. ಮೇಲೆ ಹೋದ ರಾಕೆಟ್ಟು ಬಣ್ಣದ ಆವಿ ಬಿಡುತ್ತದಲ್ಲ, ಅದು ಯಾವ ಕಡೆ ಸರಿಯಿತೆಂದು ಫೋಟೊ ತೆಗೆಯುವ ಗುಂಪಿನಲ್ಲಿ ಅವನೂ ಒಬ್ಬ. ಅಷ್ಟೆತ್ತರದಲ್ಲಿ ಗಾಳಿ ಹೇಗೆ ಬೀಸುತ್ತದೆಂದು ತಿಳಿಯುವುದಕ್ಕೆ ಇಷ್ಟೆಲ್ಲ ಉಸಾಬರಿ.

ಕ್ಯಾಮೆರಾಗಳಿರುವುದು ಮೂರು ಊರುಗಳಲ್ಲಿ. ಯಾವುದೇ ಒಂದೂರಲ್ಲಿ ಮೋಡ ಕಂಡರೂ ಅವತ್ತಿನ ಹಾರಾಟ ರದ್ದು. ಗಂಡ ದಿನಾ ಸಂಜೆ ಹೋಗುತ್ತಿದ್ದ, ತಡವಾಗಿ ಬಂದು "ಇವತ್ತೂ ಆಗ್ಲಿಲ್ಲ ಕಣೇ, ಮೋಡ" ಎನ್ನುತ್ತಿದ್ದ. ಇಲ್ಲಿ ನೋಡಿದರೆ ಆಕಾಶ ತೊಳೆದಿಟ್ಟ ಹಾಗಿರುತ್ತಿತ್ತು. ಕೇಳಿದರೆ ಉತ್ತರ ನಾಲಗೆಯ ತುದಿಯಲ್ಲೇ: "ಇಲ್ಲಿ ಇಲ್ದಿದ್ರೇನು, ಪಕ್ಕದೂರಲ್ಲಿತ್ತು." ಇಂಥ ಅನುಕೂಲದ ಮೋಡ ಯಾರಿಗುಂಟು ಯಾರಿಗಿಲ್ಲ!

ಅದೂ ಸಾಲದೆಂಬಂತೆ ಈಚೆಗೆ ಅಂಗಿಗೆ ಇಸ್ತ್ರಿ ಬೇರೆ. ಕತ್ತಲಲ್ಲಿ ಕ್ಯಾಮೆರಾ ಕಾಯುವವನ ಇಸ್ತ್ರಿಯನ್ನು ನೋಡುವವರು ಯಾರು? ಕೊನೆಗೊಂದು ದಿನ ಅವಳು ಇದನ್ನೆಲ್ಲ ಅತ್ತೆಯ ಮುಂದೆ ಹೇಳಿಯೇಬಿಟ್ಟಳು.

"ನನ್ ಮಗ ಸುಳ್ಳು ಹೇಳೋನಲ್ಲ" ಎಂದಳು ಅತ್ತೆ. "ನಿಂಗೆ ಕಂಡಿದ್ದಕ್ಕೆಲ್ಲ ಅನುಮಾನ."

"ಇವತ್ತೂ ಮೋಡ ಅಂದ್ರೆ ನಾನು ಅಣ್ಣನ ಮನೆಗೆ ಹೊರಟೆ ಅತ್ತೆ. ಮತ್ತೆ ಬರಲ್ಲ."

ಅವಳು ಬಾಯಿಮಾತಿಗೆ ಹೇಳಿರಲಿಲ್ಲ. ಬಟ್ಟೆಯ ಚೀಲ ಆಗಲೇ ಮಂಚದ ಮೇಲಿತ್ತು.

ಕತ್ತಲಾಗುತ್ತಿದ್ದಂತೆ ಬೀದಿಯಲ್ಲಿ ಗದ್ದಲವೆದ್ದಿತು. ಅತ್ತೆ ಸೊಸೆ ಇಬ್ಬರೂ ಹೊರಗೆ ಓಡಿದರು. ನಕ್ಷತ್ರಗಳ ನಡುವೆ ಕೆಂಪು, ಹಸಿರು ಬಣ್ಣಗಳು ನೀರಿಗೆ ಬಿದ್ದ ಶಾಯಿಯಂತೆ ಹರಡುತ್ತಿದ್ದವು. ರಾಕೆಟ್ ಹಾರಿತ್ತು. ಹೊಲಿಗೆಯವಳಿಗೆ ಅಳುವೇ ಬಂತು. ಪಾಪ, ಎಂಥ ಮನುಷ್ಯನ ಮೇಲೆ ಏನೇನು ಯೋಚಿಸಿಬಿಟ್ಟೆ ಎಂದು ತನ್ನನ್ನೇ ಬೈದುಕೊಂಡಳು.

"ನೋಡಿದ್ಯಾ?" ಅತ್ತೆ ಬೀಗಿದಳು. "ಈಗ್ಲೇ ಫೋನ್ ಮಾಡು. ನಾಲ್ಕು ಒಳ್ಳೆ ಮಾತಾಡು. ನಂಗೂ ಕೇಳಿಸ್ಲಿ."

ಅವಳು ಫೋನಿನ ಸ್ಪೀಕರ್ ಹಾಕಿದಳು. ಗಂಡ ಎತ್ತಿಕೊಂಡವನೇ ತಗ್ಗಿದ ದನಿಯಲ್ಲಿ ಶುರುಮಾಡಿದ: "ಇವತ್ತೂ ಆಗ್ಲಿಲ್ಲ ಕಣೇ. ಮೋಡ. ಕ್ಯಾಮೆರಾ ಎಲ್ಲ ಬಿಚ್ಚಿಡ್ತಾ ಇದೀವಿ. ತಡ ಆಗುತ್ತೆ, ನೀವು ಊಟ ಮಾಡಿ ಮಲ್ಕೊಳ್ಳಿ."

ಬೀದಿಯ ಮಕ್ಕಳು ಆಕಾಶ ನೋಡಿ ಚಪ್ಪಾಳೆ ತಟ್ಟುತ್ತಿದ್ದರು. ಅತ್ತೆ ಸೊಸೆಯ ಕೈಯಿಂದ ಫೋನ್ ತೆಗೆದುಕೊಂಡಳು.

"ನೀನು ಯಾರ ಮನೇಲಿದೀಯೋ ನಂಗೊತ್ತಿಲ್ಲ ಮಗಾ" ಎಂದಳು. "ಅಲ್ಲಿ ಕಿಟಕಿ ಇದ್ರೆ ಒಂದ್ಸಲ ತೆಗೆದು ನೋಡು."

ಆ ಕಡೆ ಕಿಟಕಿಯ ಚಿಲಕ ಸರಿದ ಸದ್ದು ಕೇಳಿಸಿತು.