ಟಿ.ವಿ. ಸೊಸೆಯ ಕಾಲು, ಮನೆ ಸೊಸೆಯ ಕಾಲು

ಹ್ಯಾಂಡ್‌ಪೋಸ್ಟ್‌ ಎಂಬ ಕೂಡುರಸ್ತೆಯಿಂದ ಎರಡು ಮೈಲಿ ಒಳಗಿರುವ ಆ ಊರಿನಲ್ಲಿ ಸಂಘದ ಹೆಂಗಸರಿಗೆಂದೇ ಒಂದು ವಾಟ್ಸಾಪ್ ಗ್ರೂಪ್ ಇದೆ. ಅದನ್ನು ಮಾಡಿಕೊಟ್ಟವಳು ಆಶಾ ಕಾರ್ಯಕರ್ತೆ ಚೆಲುವಮ್ಮ. ಮಕ್ಕಳ ಲಸಿಕೆ ಯಾವತ್ತು, ಬಸುರಿಯರ ತಪಾಸಣೆ ಯಾವತ್ತು ಎಂದು ಎಲ್ಲರಿಗೂ ಒಟ್ಟಿಗೆ ತಿಳಿಯಲಿ ಎಂಬುದು ಅವಳ ಆಸೆ. ಆದರೆ ಗ್ರೂಪಿನಲ್ಲಿ ಹಗಲೂ ಇರುಳೂ ನಡೆಯುವುದು ಮಧ್ಯಾಹ್ನ ಮೂರು ಗಂಟೆಯ ಸೀರಿಯಲ್ಲಿನ ಪಂಚಾಯ್ತಿ.

ಆ ಸೀರಿಯಲ್ಲಿನಲ್ಲಿ ಸಿಂಚನ ಎಂಬ ಸೊಸೆ, ಸರೋಜಿನಿ ಎಂಬ ಅತ್ತೆ. ಸಿಂಚನ ಬಸುರಿ. ಸರೋಜಿನಿ ಅವಳನ್ನು ಆಸ್ಪತ್ರೆಗೆ ಕಳಿಸುವುದಿಲ್ಲ. ಕಥೆ ಇಷ್ಟೇ. ಇಷ್ಟನ್ನೇ ಒಂದು ವರ್ಷಕ್ಕೂ ಮೇಲ್ಪಟ್ಟು ಎಳೆಯುತ್ತಿದ್ದಾರೆ.

ಬುಧವಾರ ಬೆಳಗ್ಗೆ ಚೆಲುವಮ್ಮ, ನಾಳೆ ಉಪಕೇಂದ್ರದಲ್ಲಿ ಬಸುರಿಯರ ತಪಾಸಣೆ, ತಪ್ಪದೆ ಬನ್ನಿ ಎಂದು ಗ್ರೂಪಿಗೆ ಹಾಕಿದಳು. ಸಂಜೆ ನೋಡಿದರೆ ಅದರ ಮೇಲೆ ನಲವತ್ತು ವಾಯ್ಸ್ ಮೆಸೇಜು ಬಿದ್ದಿದ್ದವು. ಪಾಪ, ಆಸೆಯಿಂದ ಒಂದೊಂದನ್ನೇ ಕೇಳಿದಳು.

"ಆ ಡೈರೆಕ್ಟ್ರು ಎಂಡ್ರು ಮಕ್ಳು ಕಂಡವ್ನಾ? ಅದಿನಾಲ್ಕು ತಿಂಗ್ಳಾಯ್ತು, ಅವ್ಳಿನ್ನೂ ಬಸುರಿ! ಅವ್ಳೇನು ಆನೆನಾ?" ಎಂದು ಒಬ್ಬಳು. "ಸಿಂಚನುಂದೂ ತಪ್ಪೈತೆ ಕಣ್ರೀ. ಬಾಯ್ ಬುಟ್ಟು ಏಳ್ಬೇಕು" ಎಂದು ಇನ್ನೊಬ್ಬಳು. ಎಲ್ಲರಿಗಿಂತ ಜೋರು ಕೆಳಗಲ ಬೀದಿಯ ದೊಡ್ಡತಾಯಮ್ಮನದು.

"ಕಾಲು ಊದ್ಕಂಡೈತೆ. ತಲೆನೋವು ಅಂತಾಳೆ, ಕಣ್ಣು ಮಂಜು ಅಂತಾಳೆ. ನೋಡ್ಕಂಡು ಸುಮ್ನೆ ಕುಂತವ್ಳಲ್ಲ, ಆ ಸರೋಜಿನಿ ಎಣ್ಣಾ, ಕಲ್ಲಾ? ಆಸ್ಪತ್ರೆಗೆ ಕರ್ಕಂಡೋದ್ರೆ ಅವ್ಳ ಗಂಟೇನು ಓಯ್ತದೆ?"

ಚೆಲುವಮ್ಮ ಹಣೆ ಹಣೆ ಚಚ್ಚಿಕೊಂಡಳು. ಈ ದೊಡ್ಡತಾಯಮ್ಮನ ಸ್ವಂತ ಸೊಸೆ ರೂಪಶ್ರೀಗೆ ಎಂಟು ತಿಂಗಳು. ಚೊಚ್ಚಿಲ ಬಸುರಿ. ಹಿಂದಿನ ಎರಡು ತಪಾಸಣೆಗೂ ಅವಳು ಬಂದಿರಲಿಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದೆಲೆಯ ನೊಣ ತೋರಿಸುವವರಿಗೆ ಯಾವ ದೇವರು ಬುದ್ಧಿ ಹೇಳಬೇಕು!

ಗುರುವಾರವೂ ರೂಪಶ್ರೀ ಬರಲಿಲ್ಲ. ನರ್ಸಮ್ಮನ ಬಿ.ಪಿ. ಮಿಷನ್ನನ್ನು ಬ್ಯಾಗಿಗೆ ಹಾಕಿಕೊಂಡು ಚೆಲುವಮ್ಮ ಆ ಮನೆಗೇ ಹೊರಟಳು. ಹೋಗುವಾಗ ಮೂರು ಹೊಡೆದಿತ್ತು. ಬಾಗಿಲಲ್ಲೇ ಸೀರಿಯಲ್ಲಿನ ಹಾಡು ಕೇಳಿಸಿತು. ದೊಡ್ಡತಾಯಮ್ಮ ಟಿ.ವಿ. ಮುಂದೆ ಚಾಪೆ ಹಾಸಿ ಅವರೆಕಾಯಿ ಬಿಡಿಸುತ್ತ ಕೂತಿದ್ದಳು.

"ಬಾ ಚೆಲುವಿ, ಕುಂತ್ಕೊ. ಇವತ್ತು ಆ ಮುಂಡೆಗೆ ಐತೆ ನೋಡು!"

"ಯಾರಿಗೆ ದೊಡ್ಡತಾಯಕ್ಕ?"

"ಸರೋಜಿನಿಗೆ ಕಣೆ! ಸಿಂಚನಂಗೆ ಮೈಯೆಲ್ಲ ಊತ. ಇವ್ಳು ನೋಡುದ್ರೆ ಪೂಜೆ ಮಾಡ್ಕಂಡು ಕುಂತವ್ಳೆ."

"ಅದಿರ್ಲಿ. ರೂಪನ್ನ ಯಾಕೆ ತಪಾಸಣೆಗೆ ಕಳಿಸ್ಲಿಲ್ಲ?"

"ಅವ್ಳು ಬಂದ್ರೆ ಡೈರಿಗೆ ಆಲು ಆಕೋರ್ಯಾರು? ಎಂಟನೇ ತಿಂಗ್ಳಲ್ಲಿ ಒಸ್ಲು ದಾಟುಸ್ಬಾರ್ದು ಅಂತ ನಮ್ಮವ್ವ ಏಳೋಳು. ನಾನು ಮೂರು ಎತ್ತಿವ್ನಿ. ಯಾವ ಬಿ.ಪಿ. ನೋಡ್ಸಿದ್ದೆ?"

ಹಾಲು ಹಾಕಲು ಡೈರಿಯವರೆಗೆ ದಾಟುವ ಹೊಸಿಲು ಆಸ್ಪತ್ರೆಗೆ ದಾಟಬಾರದಂತೆ. ಚೆಲುವಮ್ಮನಿಗೆ ಈ ಮಾತು ನಾಲಿಗೆಯ ತುದಿಗೆ ಬಂತು. ಬ್ಯಾಗಿನಿಂದ ಬಿ.ಪಿ. ಮಿಷನ್ನು ತೆಗೆದಿಟ್ಟಳು.

ಅಷ್ಟರಲ್ಲಿ ರೂಪಶ್ರೀ ಕಾಫಿ ತಂದಳು. ಚೆಲುವಮ್ಮ ಅವಳ ಮುಖ ನೋಡಿದಳು. ಕೆನ್ನೆ, ರೆಪ್ಪೆ ಎಲ್ಲ ಊದಿದ್ದವು. ಕಾಲುಂಗುರ ಬೆರಳಿನ ಮಾಂಸದಲ್ಲಿ ಹೂತುಹೋಗಿತ್ತು. ಹುಡುಗಿ ಲೋಟವನ್ನು ಸ್ಟೂಲಿನ ಮೇಲೆ ಇಡಲು ಹೋದಳು. ಇಟ್ಟದ್ದು ಸ್ಟೂಲಿನ ಪಕ್ಕಕ್ಕೆ. ಕಾಫಿಯೆಲ್ಲ ನೆಲದ ಪಾಲಾಯಿತು.

"ಕಣ್ ಕಾಣಾಕಿಲ್ವೇನೆ?" ಎಂದು ದೊಡ್ಡತಾಯಮ್ಮ ಗದರಿದಳು.

"ಕಾಣ್ತಿಲ್ಲ ಅತ್ತೆ" ಎಂದಳು ರೂಪಶ್ರೀ. "ಬೆಳಗ್ಗಿಂದ ಎಲ್ಲ ಮಂಜುಮಂಜು. ತಲೆ ಸಿಡಿತೈತೆ."

"ಒಲೆ ಮುಂದೆ ಕುಂತಿದ್ದಲ್ಲ, ಒಗೆಗೆ ಅಂಗಾಯ್ತದೆ. ಓಗಿ ಮಲ್ಕೊ."

ಚೆಲುವಮ್ಮ ಅವಳನ್ನು ಹಿಡಿದು ಕೂರಿಸಿ ತೋಳಿಗೆ ಪಟ್ಟಿ ಕಟ್ಟಿದಳು. ನೂರಾ ಅರವತ್ತು, ನೂರಾ ಹತ್ತು. ಐದು ನಿಮಿಷ ಬಿಟ್ಟು ಮತ್ತೆ ನೋಡಿದಳು. ಅಷ್ಟೇ ಬಂತು.

"ಅಕ್ಕ, ಇದು ಬಸುರಿಯರಿಗೆ ಬರೋ ಬಿ.ಪಿ. ನೂರಾ ನಲವತ್ತು, ತೊಂಬತ್ತು ಆದ್ರೇನೆ ಡಾಕ್ಟ್ರಿಗೆ ತೋರುಸ್ಬೇಕು. ಇದು ಅದುಕ್ಕಿಂತ ಮೇಲೆ ಓಗೈತೆ. ಈಗ್ಲೇ ಒರಡ್ಬೇಕು."

"ಮಿಸನ್ನು ಕೆಟ್ಟಿರ್ಬೇಕು ಬುಡು. ಬಸುರೀಲಿ ಕಾಲು ಊದೋದು ಇದ್ದಿದ್ದೇಯ. ನನ್ ಮಗ ಯತೀಶ ಬರ್ಲಿ, ನಾಳೆ ನೋಡಣ. ಇದೊಂದು ಮುಗೀಲಿ ತಡಿ, ಸಿಂಚನಂಗೆ ತಲೆ ಸುತ್ತು ಬತ್ತಾ ಐತೆ."

ಚೆಲುವಮ್ಮನ ತಾಳ್ಮೆ ಅಲ್ಲಿಗೆ ಮುಗಿಯಿತು. ಮೂರು ತಿಂಗಳು ಈ ಮನೆಗೆ ಅಲೆದದ್ದು, ಕೋಣನ ಮುಂದೆ ಕಿನ್ನರಿ ಬಾರಿಸಿದ್ದು, ಎಲ್ಲ ಒಟ್ಟಿಗೆ ಸಿಟ್ಟಾಗಿ ಬಂತು. ಫೋನು ತೆಗೆದು ದೊಡ್ಡತಾಯಮ್ಮನದೇ ಮೆಸೇಜು ಹಾಕಿ ಸದ್ದು ಏರಿಸಿದಳು.

"ಕಾಲು ಊದ್ಕಂಡೈತೆ. ತಲೆನೋವು ಅಂತಾಳೆ, ಕಣ್ಣು ಮಂಜು ಅಂತಾಳೆ. ನೋಡ್ಕಂಡು ಸುಮ್ನೆ ಕುಂತವ್ಳಲ್ಲ, ಆ ಸರೋಜಿನಿ ಎಣ್ಣಾ, ಕಲ್ಲಾ?"

ದೊಡ್ಡತಾಯಮ್ಮನ ಕೈಯಲ್ಲಿದ್ದ ಅವರೆಕಾಯಿ ಕೈಯಲ್ಲೇ ಉಳಿಯಿತು. ಸೊಸೆಯ ಕಾಲು ನೋಡಿದಳು. ಮುಖ ನೋಡಿದಳು. ಒಂದೇ ಮನೆಯಲ್ಲಿದ್ದು, ಒಂದೇ ಒಲೆಯ ಅಡುಗೆ ಉಂಡು, ಅವಳ ಮುಖವನ್ನು ಸರಿಯಾಗಿ ನೋಡಿ ಎಷ್ಟು ದಿನವಾಗಿತ್ತೋ.

"ಅಯ್ಯೋ ನನ್ ಬಾಯಿಗೆ ಮಣ್ ಆಕ" ಎಂದು ಎದ್ದಳು. "ಚೆಲುವಿ, ಪೋನ್ ಮಾಡವ್ವ. ಏನ್ ನೋಡ್ತಾ ನಿಂತಿದ್ದೀಯೆ, ಪೋನ್ ಮಾಡು!"

ಚೆಲುವಮ್ಮ 108ಕ್ಕೆ ಫೋನ್ ಮಾಡಿದಳು. ಹ್ಯಾಂಡ್‌ಪೋಸ್ಟ್‌ನಲ್ಲಿ ಆಟೋ ನಿಲ್ಲಿಸಿಕೊಂಡಿದ್ದ ರೂಪಶ್ರೀಯ ಗಂಡ ಯತೀಶನೂ ಓಡಿ ಬಂದ. ಕೋಟೆ ಪಟ್ಟಣದ ತಾಲ್ಲೂಕು ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು, ಅದೇ ಸಂಜೆ ಮೈಸೂರಿಗೆ ಕಳಿಸಿದರು. ದಾರಿಯುದ್ದಕ್ಕೂ ದೊಡ್ಡತಾಯಮ್ಮ ಸೊಸೆಯ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಒಂದು ದಿನ ತಡ ಮಾಡಿದ್ದರೆ ಫಿಟ್ಸ್ ಬಂದುಬಿಡುತ್ತಿತ್ತು" ಎಂದರು ಮೈಸೂರಿನ ಡಾಕ್ಟರಮ್ಮ. "ಆಮೇಲೆ ತಾಯಿ, ಮಗು ಇಬ್ಬರನ್ನೂ ಉಳಿಸುವುದು ಕಷ್ಟ."

ಮರುದಿನ ಆಪರೇಷನ್ ಮಾಡಿ ಹೆಣ್ಣು ಮಗುವನ್ನು ತೆಗೆದರು. ಎರಡು ಕೆ.ಜಿ.ಯೂ ಇರಲಿಲ್ಲ. ಕೆಲವು ದಿನ ಮಗುವನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಡಬೇಕಾಯಿತು. ರೂಪಶ್ರೀಯ ಬಿ.ಪಿ. ನಿಧಾನವಾಗಿ ಇಳಿಯಿತು.

ವಾರ ಕಳೆದು ಚೆಲುವಮ್ಮ ನೋಡಲು ಹೋದಾಗ, ವಾರ್ಡಿನ ಹೊರಗೆ ನಾಲ್ಕಾರು ಹೆಂಗಸರು ಅದೇ ಸೀರಿಯಲ್ಲಿನ ಮಾತಿನಲ್ಲಿದ್ದರು. ಸಿಂಚನ ಸತ್ತುಹೋದಳಂತೆ. ಡೈರೆಕ್ಟರಿಗೆ ಶಾಪದ ಮೇಲೆ ಶಾಪ. ಕೆ.ಆರ್. ನಗರದ ಕಡೆಯ ಹೆಂಗಸೊಬ್ಬಳು ದೊಡ್ಡತಾಯಮ್ಮನನ್ನು ಕೇಳಿದಳು, "ನೀವೇನಂತೀರಿ? ಅವಳನ್ನ ಸಾಯುಸ್ಬಾರ್ದಿತ್ತು ಅಲ್ವಾ?"

ದೊಡ್ಡತಾಯಮ್ಮ ಸೊಸೆಗೆಂದು ಗಂಜಿ ಆರಿಸುತ್ತಿದ್ದಳು. ತಲೆಯೆತ್ತದೆ ಹೇಳಿದಳು.

"ಸಾಯ್ಲಿ ಬುಡವ್ವ. ಆ ಉಡುಗಿ ನಾಳೆ ಇನ್ನೊಂದು ಸೀರಿಯಲ್‌ನಲ್ಲಿ ಬಣ್ಣ ಅಚ್ಕೊಂಡು ಬತ್ತಾಳೆ. ನಮ್ ರೂಪ ಓಗಿದ್ರೆ ಎಲ್ಲಿಂದ ಬರೋಳು?"

ಗಂಜಿ ಹಿಡಿದು ವಾರ್ಡಿನ ಒಳಗೆ ಹೋದಳು.

ಅಮ್ಮಂದಿರೇ, ಅಕ್ಕಂದಿರೇ, ಸೀರಿಯಲ್ ನೋಡಬೇಡಿ ಎಂದು ನಾವು ಹೇಳುವುದಿಲ್ಲ. ಹೇಳಿದರೂ ನೀವು ಕೇಳುವುದಿಲ್ಲ, ಗೊತ್ತು. ನೋಡಿ, ಬೈಯಿರಿ, ಅಳಿ. ಆದರೆ ಜಾಹೀರಾತು ಬಂದಾಗ ಒಂದು ಸಲ ತಿರುಗಿ ನಿಮ್ಮ ಮನೆಯ ಬಸುರಿಯ ಮುಖ ನೋಡಿ. ಮುಖ, ಕೈ ಊದಿದೆಯೇ? ಬಿಡದ ತಲೆನೋವು ಇದೆಯೇ? ಕಣ್ಣು ಮಂಜಾಗಿದೆಯೇ? ಎದೆಯ ಕೆಳಗೆ, ಹೊಟ್ಟೆಯ ಮೇಲ್ಭಾಗದಲ್ಲಿ ನೋವೆನ್ನುತ್ತಾಳೆಯೇ? ಇವುಗಳಲ್ಲಿ ಒಂದಿದ್ದರೂ ನಾಳೆ ಎನ್ನಬೇಡಿ. 108ಕ್ಕೆ ಫೋನ್ ಮಾಡಿ, ಇಲ್ಲವೇ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ಕರೆಯಿರಿ. ಏನೂ ತೊಂದರೆ ಇಲ್ಲದಿದ್ದರೂ ಪ್ರತಿ ತಪಾಸಣೆಗೂ ತಾಯಿ ಕಾರ್ಡ್ ಹಿಡಿದು ಹೋಗಿ, ಬಿ.ಪಿ. ನೋಡಿಸಿ. ಅವಳು ಬಾಯಿಬಿಟ್ಟು ಹೇಳಲಿ ಎಂದು ಕಾಯಬೇಡಿ. ನೀವೇ ಕೇಳಿ, ಇವತ್ತೇ ಕೇಳಿ.